ಮಾಳಿಗೆಯ ಮಣ್ಣು, ಮನೆಯ ತಂಪು



ಮಲೆನಾಡಿನ ಮನೆ ಹೋರಾಡಬೇಕಾದುದು ಮಳೆಯೊಡನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆದುದರಿಂದ ಅಲ್ಲಿಯ ಮಾಡು ಇಳಿಜಾರು, ಹೊದಿಕೆ ಹೆಂಚು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಅಲ್ಲಿ ಮನೆ ಎದುರಿಸಬೇಕಾದುದು ಬಿಸಿಲನ್ನು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಡಿಸೆಂಬರ್-ಜನವರಿಯ ಇರುಳುಗಳಲ್ಲಿ ಮೈ ನಡುಗಿಸುವ ಚಳಿ. ಈ ಎರಡನ್ನೂ ತಡೆಯಲು ಆ ಸೀಮೆಯವರು ಕಟ್ಟಿಕೊಂಡದ್ದು ಮಣ್ಣಿನ ಮಾಳಿಗೆಯ ಮನೆ. ಸೆಕೆಗೂ ಚಳಿಗೂ ಅದೊಂದೇ ಸಾಧನ. ಆದರೆ ವರ್ಷವರ್ಷವೂ ಆರೈಕೆ ಬೇಡುವ ಸಾಧನ. ಆ ಆರೈಕೆಯೇ ಈ ಉಪನ್ಯಾಸದ ವಿಷಯ.

ಕಲ್ಲು-ಮಣ್ಣಿನ ದಪ್ಪ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಲಗೆ ಇಲ್ಲವೆ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಒಂದು ಗೇಣಿಗೂ ಮಿಕ್ಕಿದ ಮಣ್ಣು. ತಗಡು ಕೆಲವೇ ನಿಮಿಷಗಳಲ್ಲಿ ಕಾದು ಒಳಗಿರುವವರ ತಲೆಯ ಮೇಲೆ ಬಿಸಿ ಸುರಿಸುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟನ್ನು ಬಿಸಿಲಿನ ಕಾವು ಮೂರು-ನಾಲ್ಕು ಗಂಟೆಗಳಲ್ಲಿ ದಾಟುತ್ತದೆ. ಒಂದಡಿ ಮಣ್ಣನ್ನು ದಾಟಲು ಅದಕ್ಕೆ ಎಂಟು-ಹತ್ತು ಗಂಟೆ ಬೇಕು. ಮಧ್ಯಾಹ್ನದ ಉರಿ ಒಳಕ್ಕೆ ತಲುಪುವಷ್ಟರಲ್ಲಿ ಇರುಳಾಗಿರುತ್ತದೆ. ಆಗ ಬಿಸಿಗಾಳಿಯು ಬೆಳಕಿಂಡಿಯ ಮೂಲಕ ಮೇಲೇರಿ ಹೊರಹೋಗುತ್ತದೆ. ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುತ್ತಾರೆ. ಚಳಿಗಾಲದಲ್ಲಿ ಅದೇ ವಿಳಂಬವು ಹಗಲಿನ ಬಿಸಿಲನ್ನು ಇರುಳಿಗೆ ಉಳಿಸಿಕೊಡುತ್ತದೆ.

ಈ ಮಾಳಿಗೆಗೆ ಹಾಕುವ ಮಣ್ಣೂ ಬೇರೆಯೇ. ಕರಿ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಅದು ಸಲ್ಲದು. ಬೆಳೆಗೆ ಬಾರದ ಕರಲು ಮಣ್ಣು, ಸವಳು ಮಣ್ಣು ಮಾಳಿಗೆಗೆ ಉತ್ತಮ. ಅದರಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮಳೆನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಹೊಲದ ಶತ್ರುವೇ ಮನೆಯ ಮಿತ್ರ. ಅತಿ ನೀರಾವರಿಯ ಕಬ್ಬಿನಿಂದಾಗಿ ಮುಧೋಳ, ಜಮಖಂಡಿಗಳಲ್ಲಿ ಸವಳು-ಜವಳು ಭೂಮಿ ಹಬ್ಬಿರುವ ಇಂದಿನ ದಿನಗಳಲ್ಲಿ ಈ ಮಾತು ಯೋಚನೆಗೆ ಹಚ್ಚುವಂತಿದೆ.

ಆರೈಕೆಗೆ ಒಂದು ಪಂಚಾಂಗವಿದೆ. ಯುಗಾದಿಗೆ ಗೋಡೆಗೆ ಸುಣ್ಣ. ಸುಣ್ಣದ ಬಿಳುಪು ಬಿಸಿಲಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ಧೂಳು ಕೂತಂತೆ ಆ ಗುಣ ಕುಂದುವುದರಿಂದ ಪ್ರತಿವರ್ಷ ಬಳಿಯಬೇಕು. ರೋಹಿಣಿ ಮಳೆಗೆ ಮುನ್ನ ಮಾಳಿಗೆ ಹತ್ತಿ ಹುಲ್ಲು, ಗಿಡಗಳನ್ನು ಬೇರುಸಹಿತ ಕೀಳಬೇಕು. ಇಲಿ, ಇರುವೆಗಳ ಬಿಲ ಮುಚ್ಚಬೇಕು. ಬಿರುಕಿಗೆ ಹೊಸ ಮಣ್ಣು ತುಂಬಿ ಬಡಿಯಬೇಕು. ನೀರು ಹೊರಬೀಳುವ ದೋಣಿಗಳ ಕಡೆಗೆ ಇಳುಕಲು ಸರಿಪಡಿಸಬೇಕು. ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಅದು ಮುಗಿದ ಮೇಲೆ ತೊಲೆಯ ತುದಿಗಳಿಗೆ ಗೆದ್ದಲು ಹತ್ತಿದೆಯೇ, ಗೋಡೆಯ ಬುಡ ನೆನೆದಿದೆಯೇ ಎಂದು ನೋಡಬೇಕು. ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಬರುವಂತೆ, ಈ ಕೆಲಸಕ್ಕೂ ನೆರೆಹೊರೆಯವರು ಒಬ್ಬರಿಗೊಬ್ಬರು ಕೈಗೂಡಿಸುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಮಣ್ಣನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸದನ್ನು ಹೇರುತ್ತ ಹೋಗುವ ರೂಢಿ ಅಪಾಯಕಾರಿ. ಹತ್ತಡಿ ಉದ್ದಗಲದ ಕೋಣೆಯ ಮೇಲೆ ಒಂದೇ ಅಂಗುಲ ಮಣ್ಣು ಹೆಚ್ಚಿಸಿದರೂ ಮೂರೂವರೆ ಕ್ವಿಂಟಲಿಗಿಂತ ಅಧಿಕ ಭಾರ ಬೀಳುತ್ತದೆ. ನೆನೆದಾಗ ಅದು ಇನ್ನೂ ಏರುತ್ತದೆ. ಹತ್ತು ವರ್ಷಗಳ ಅಲಕ್ಷ್ಯ ಒಂದೇ ರಾತ್ರಿಯ ಜಡಿಮಳೆಯಲ್ಲಿ ಕುಸಿದು ಬೀಳಬಹುದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ-ನೆರೆಗಳಲ್ಲಿ ರಾಜ್ಯದಲ್ಲಿ ಇನ್ನೂರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಬಿದ್ದವು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ದಡದ ಊರುಗಳು ಮತ್ತೆ ನೀರಿನಲ್ಲಿ ನಿಂತವು. ನೆರೆಯ ನೀರಿನಲ್ಲಿ ದಿನಗಟ್ಟಲೆ ನಿಂತ ಮಣ್ಣಿನ ಗೋಡೆಯನ್ನು ಯಾವ ಆರೈಕೆಯೂ ಉಳಿಸಲಾರದು. ನದಿಯಿಂದ ದೂರದ ಮನೆಗಳ ಸಂಗತಿ ಬೇರೆ. ಅಲ್ಲಿ ಭಾರ ಇಳಿಸುವುದು, ಸೋರಿಕೆ ತಡೆಯುವುದು ಜೀವ ಉಳಿಸುವ ಕೆಲಸ.

ರಬಕವಿ-ಬನಹಟ್ಟಿಯ ನೇಕಾರರಿಗೆ ಮನೆಯ ತಂಪು ದುಡಿಮೆಯ ಪ್ರಶ್ನೆಯೂ ಹೌದು. ಹತ್ತಿಯ ನೂಲು ಒಣಗಿದ ಗಾಳಿಯಲ್ಲಿ ಬೇಗ ಹರಿಯುತ್ತದೆ; ತೇವವಿದ್ದರೆ ಬಲವಾಗಿ ನಿಲ್ಲುತ್ತದೆ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗಕ್ಕೆ ಮಣ್ಣಿನ ನೆಲದ ತಂಪು ಒದಗುತ್ತಿತ್ತು. ವಿದ್ಯುತ್ ಮಗ್ಗಗಳು ತಗಡಿನ ಮಾಡಿನಡಿಗೆ ಬಂದಾಗ ಯಂತ್ರದ ಬಿಸಿಗೆ ಮಾಡಿನ ಬಿಸಿಯೂ ಕೂಡಿತು.

ತಗಡು, ಕಾಂಕ್ರೀಟಿನ ಮನೆಗಳಿಗೆ ಈಗ ಕೂಲರ್ ಬಂದಿದೆ. ಅದನ್ನು ಹಳಿಯಬೇಕಾಗಿಲ್ಲ. ಒಂದೂವರೆ ಟನ್ನಿನ ಏ.ಸಿ. ಸುಮಾರು 1,500 ವ್ಯಾಟ್ ಬೇಡಿದರೆ ಕೂಲರಿಗೆ 200 ವ್ಯಾಟ್ ಸಾಕು. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರುವುದೇ ಅದರ ಮರ್ಮ. ಒಣಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಮಳೆಗಾಲದಲ್ಲಿ ನಿಷ್ಪ್ರಯೋಜಕ. ಅದಕ್ಕೂ ಆರೈಕೆ ಬೇಕು. ಗಡಸು ನೀರಿನ ಉಪ್ಪು ಕಟ್ಟಿದ ಪ್ಯಾಡುಗಳನ್ನು ಉಜ್ಜಿ ತೊಳೆಯಬೇಕು, ಸವೆದರೆ ಬದಲಿಸಬೇಕು, ಕಿಟಕಿ ತೆರೆದಿಡಬೇಕು, ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ತಿಕ್ಕಿ ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಮೂಡುವವರೆಗೆ ಬೆಳೆಯಲು ಎಂಟು-ಹತ್ತು ದಿನ ಸಾಕು. ಕಾಂಕ್ರೀಟ್ ತಾರಸಿಗೂ ಸುಣ್ಣ ಬಳಿದರೆ ಒಳಗಿನ ಸೆಕೆ ತಗ್ಗುತ್ತದೆ. ಅಹಮದಾಬಾದ್ ನಗರ 2017ರಿಂದ ಬಡವರ ಮನೆಗಳ ಮೇಲೆ ಇದನ್ನು ಮಾಡುತ್ತಿದೆ. ತೆಲಂಗಾಣ 2023ರಲ್ಲಿ ತಂಪು ಮಾಡಿನ ನೀತಿಯನ್ನೇ ಪ್ರಕಟಿಸಿತು.

ಈ ವಿಚಾರ ಹಳೆಯ ಮನೆಗಳಿಗಷ್ಟೇ ಮುಗಿಯುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ಸೀಮೆಯ ಹಳ್ಳಿಗಳು ಈಗಾಗಲೇ ಮುಳುಗಿವೆ. ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್, 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರಿಗೆ ಸಮ್ಮತಿಸಿತು. ಆ ಎತ್ತರಕ್ಕೆ ನೀರು ನಿಂತರೆ ಇನ್ನಷ್ಟು ಊರುಗಳು ಎದ್ದುಹೋಗಬೇಕು. ಊರು ಮುಳುಗಿದಾಗ ಗೋಡೆಗಳಷ್ಟೇ ಮುಳುಗುವುದಿಲ್ಲ; ಮಣ್ಣು ತೆಗೆಯುವ ತಾಣ ಮುಳುಗುತ್ತದೆ, ಕೈಗೂಡಿಸುವ ನೆರೆಹೊರೆ ಚದುರುತ್ತದೆ. ಪರಿಹಾರದ ಲೆಕ್ಕದಲ್ಲಿ ಹಳೆಯ ಮಾಳಿಗೆಗೆ ಒಂದು ಬೆಲೆ ಬರೆಯಬಹುದು. ಅದು ನೀಡುತ್ತಿದ್ದ ತಂಪಿಗೆ ಬೆಲೆ ಬರೆದವರಿಲ್ಲ. ಪುನರ್ವಸತಿಯ ಮನೆಗೆ ತಗಡು ಹೊದಿಸಿಕೊಟ್ಟರೆ, ಆ ಕುಟುಂಬ ಪ್ರತಿ ಬೇಸಿಗೆಯಲ್ಲೂ ವಿದ್ಯುತ್ ಬಿಲ್ಲಿನ ಮೂಲಕ, ಇಲ್ಲವೆ ಮುದುಕರ, ಕೂಸುಗಳ ಆರೋಗ್ಯದ ಮೂಲಕ ಅದರ ಬೆಲೆ ತೆರಬೇಕಾಗುತ್ತದೆ. ದಪ್ಪ ಗೋಡೆ, ಬೆಳಕಿಂಡಿ, ಎತ್ತರದ ಜಾಗ, ಬಿಳಿಯ ತಾರಸಿ ಇವು ಪುನರ್ವಸತಿಯ ನಕ್ಷೆಯಲ್ಲೇ ಸೇರಬೇಕೆಂದು ಜನ ಕೇಳಬೇಕು.

ವಿದ್ಯಾರ್ಥಿಗಳಿಗೆ ಒಂದು ಸುಲಭದ ಪ್ರಯೋಗವಿದೆ. ಬೇಸಿಗೆಯ ಒಂದು ದಿನ ಮಣ್ಣಿನ, ಹೆಂಚಿನ, ತಗಡಿನ ಮತ್ತು ಕಾಂಕ್ರೀಟಿನ ಮನೆಗಳಲ್ಲಿ ಒಂದೊಂದು ತಾಪಮಾಪಕ ತೂಗುಹಾಕಿ ಗಂಟೆಗೊಮ್ಮೆ ಬರೆದಿಟ್ಟುಕೊಳ್ಳಿ. ಜೊತೆಗೆ ಮಾಳಿಗೆ ಹಾಕಬಲ್ಲ, ಹೆಂಚು ಕೈಯಾಡಿಸಬಲ್ಲ ಹಿರಿಯರು ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಿ. ಆ ಎರಡು ಪಟ್ಟಿಗಳನ್ನು ಗ್ರಾಮಸಭೆಯ ಮುಂದಿಡಿ. ಹೊಸ ಮನೆಗಳ ಮಾತು ಅಲ್ಲಿಂದ ಆರಂಭವಾಗಲಿ.