ಕುಮಾರ ಪರ್ವತ ಹತ್ತಿದ ದಿನ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಿಂದ ಕಲಿತದ್ದೇನು ಎಂಬ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಹೇಳಿದ್ದಾರೆ. ತರಗತಿಯೊಳಗೆ ಕಲಿತದ್ದನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಒಂದೇ ಒಂದು ದಿನದ ಕತೆ ಹೇಳುತ್ತೇನೆ.

ಆಗ ನಾವು ಹತ್ತನೇ ತರಗತಿ. ಸುಬ್ರಹ್ಮಣ್ಯದ ಚಂಪಾಷಷ್ಠಿ ಕಳೆದು ಕೆಲವು ದಿನಗಳಾಗಿದ್ದವು. ಗಣಿತದ ಮಾಸ್ಟ್ರು ಮತ್ತು ಪಿ.ಟಿ. ಮಾಸ್ಟ್ರು ನಮ್ಮಲ್ಲಿ ಹದಿನಾಲ್ಕು ಮಂದಿಯನ್ನು ಕುಮಾರ ಪರ್ವತಕ್ಕೆ ಕರೆದುಕೊಂಡು ಹೋದರು. ಹಿಂದಿನ ದಿನವೇ ಗಣಿತದ ಮಾಸ್ಟ್ರು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದ್ದರು. ಶಿಖರದ ಎತ್ತರ 1,712 ಮೀಟರ್. ಸುಬ್ರಹ್ಮಣ್ಯ ಪೇಟೆ ಇರುವುದು ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಹಾಗಾದರೆ ಸುಮಾರು 1,600 ಮೀಟರ್ ನಮ್ಮ ಕಾಲೇ ಏರಬೇಕು. ಹೋಗಿ ಬರಲು 25 ಕಿಲೋಮೀಟರಿಗೂ ಹೆಚ್ಚು. ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೂ ಇಂದು ಅಲ್ಲಿ ಬಹುಪಾಲು ದಾರಿಯನ್ನು ವಾಹನವೇ ಏರುತ್ತದೆ. ಇಲ್ಲಿ ಹಾಗಿಲ್ಲ.

ಬೆಳಗಾಗುವ ಮೊದಲೇ ಟಾರ್ಚ್ ಹಿಡಿದು ಕಾಡು ಹೊಕ್ಕೆವು. ಗಿರಿಗದ್ದೆಯವರೆಗೆ ದಟ್ಟ ಕಾಡು, ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಏರುವ ದಾರಿ. ಅಲ್ಲಿಂದ ಮುಂದೆ ಹುಲ್ಲುಗುಡ್ಡ, ನೆರಳೆಂಬುದಿಲ್ಲ. ಕಲ್ಲುಮಂಟಪದ ಹತ್ತಿರ ತೊರೆಯೊಂದಿದೆ. "ಎಲ್ಲರೂ ನೀರು ತುಂಬಿಸಿಕೊಳ್ಳಿ, ಮೇಲೆ ನೀರನ್ನು ನಂಬಬೇಡಿ" ಎಂದರು ಮಾಸ್ಟ್ರು.

ನಾನು ತುಂಬಿಸಿಕೊಳ್ಳಲಿಲ್ಲ. ನಾನು ತರಗತಿಯ ನಾಯಕ, ಎಲ್ಲರಿಗಿಂತ ಮೊದಲು ತುದಿ ಮುಟ್ಟಬೇಕೆಂಬ ಹಟ. ಓಡುವ ಹಾಗೆ ಏರಿದೆ. ನನ್ನ ಜೊತೆ ಬಂದವನು ಒಬ್ಬನೇ. ದಿನಾ ಗುಡ್ಡ ಇಳಿದು, ಹೊಳೆ ದಾಟಿ ಶಾಲೆಗೆ ಬರುತ್ತಿದ್ದ ಗೆಳೆಯ. ಲೆಕ್ಕದಲ್ಲಿ ಹಿಂದೆ, ನಡಿಗೆಯಲ್ಲಿ ಮುಂದೆ.

ಶೇಷಪರ್ವತ ತಲುಪುವಾಗ ನನ್ನ ಎರಡೂ ಮೀನಖಂಡಗಳು ಕಟ್ಟಿದಂತಾಗಿ ಬಿದ್ದುಬಿಟ್ಟೆ. ಅಳು ಬಂತು. ಅವನು ಮಾತಾಡದೆ ನನ್ನ ಕಾಲು ನೀವಿದ, ತನ್ನ ನೀರನ್ನೆಲ್ಲ ಕುಡಿಸಿದ, ಬುತ್ತಿ ಬಿಚ್ಚಿ ಉಪ್ಪಿನಕಾಯಿ ನೆಕ್ಕಲು ಕೊಟ್ಟ. ಬೆವರಿನಲ್ಲಿ ಉಪ್ಪು ಹೋಗುತ್ತದೆಂದು ವಿಜ್ಞಾನದಲ್ಲಿ ಬರೆದು ಅಂಕ ತೆಗೆದವನು ನಾನು. ಅದು ಕೆಲಸಕ್ಕೆ ಬಂದದ್ದು ಅವನ ಕೈಯಲ್ಲಿ.

ಎದುರಿಗೇ ಶಿಖರ. ನಡುವೆ ಒಂದು ಸಣ್ಣ ಇಳಿಜಾರು, ಶೋಲಾ ಕಾಡು, ಆಮೇಲೆ ಬಂಡೆ. ಅಷ್ಟರಲ್ಲಿ ಉಳಿದವರು ಬಂದರು. ಮಾಸ್ಟ್ರು ಏನಾಯಿತೆಂದು ಕೇಳಿದಾಗ ನಾನು ಹೇಳಿದ್ದು: "ಇವನಿಗೆ ಸುಸ್ತಾಗಿದೆ ಸರ್. ನಾನು ಜೊತೆಗೆ ಇರ್ತೇನೆ."

ಗೆಳೆಯ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಮಾಸ್ಟ್ರು ನಮ್ಮಿಬ್ಬರನ್ನೂ ಬಂಡೆಯ ನೆರಳಿನಲ್ಲಿ ಕೂರಿಸಿ, ಕದಲಬಾರದೆಂದು ಹೇಳಿ ಹೋದರು. ಉಳಿದ ಹನ್ನೆರಡು ಮಂದಿ ಶಿಖರ ಮುಟ್ಟಿ ಬಂದರು.

ಇಳಿಯುವಾಗ ಮಾಸ್ಟ್ರು ಒಂದು ನಿಯಮ ಹೇಳಿದರು: "ಸುಸ್ತಾದವನು ಎಲ್ಲರಿಗಿಂತ ಮುಂದೆ ನಡೆಯಬೇಕು. ಗುಂಪು ಅವನ ಹೆಜ್ಜೆಗೆ ನಡೆಯಬೇಕು." ಹಾಗೆ ಹೇಳಿ ಮುಂದೆ ನಿಲ್ಲಿಸಿದ್ದು ಅವನನ್ನಲ್ಲ, ನನ್ನನ್ನು. ಅವರಿಗೆ ಎಲ್ಲವೂ ತಿಳಿದಿತ್ತೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನ ಮೊಣಕಾಲು ನಡುಗುತ್ತಾ ಇಳಿದೆ, ಅಷ್ಟೆ. ಸುಬ್ರಹ್ಮಣ್ಯ ಮುಟ್ಟುವಾಗ ಕತ್ತಲಾಗಿತ್ತು.

ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ, ಗೆಳೆಯನಿಗಾಗಿ ಶಿಖರ ಬಿಟ್ಟವನೆಂದು ನನಗೆ ಚಪ್ಪಾಳೆ ತಟ್ಟಿಸಿದರು. ಅವನೂ ಚಪ್ಪಾಳೆ ತಟ್ಟಿದ. ಗಣಿತದ ಮಾಸ್ಟ್ರು ಮಾತ್ರ ಸುಮ್ಮನೆ ನಿಂತಿದ್ದರು. ನಾನೇ ಬಾಯಿ ಬಿಡಲಿ ಎಂದು ಕಾದರೋ ಏನೋ. ಈಗ ಅವರಿಲ್ಲ, ಕೇಳುವಂತಿಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ಗೆಳೆಯ ಓದು ಬಿಟ್ಟ. ನಾನು ಓದಿ ಕೆಲಸ ಹಿಡಿದೆ. ನಲವತ್ತು ದಾಟಿದ ಮೇಲೆ ಮಗನ ಜೊತೆ ಮತ್ತೆ ಹೋಗಿ ಶಿಖರ ಮುಟ್ಟಿದೆ. ಕಲ್ಲುಗಳ ರಾಶಿ, ಗಾಳಿ, ಕೆಳಗೆ ಮೋಡ. ಬೇಕಾಗಿದ್ದುದು ಸಿಕ್ಕಿದ ಹಾಗೆ ಅನ್ನಿಸಲಿಲ್ಲ.

ಕಳೆದ ವಾರ ಅವನ ಮನೆಗೆ ಹೋಗಿ, ಇದನ್ನು ಸಭೆಯಲ್ಲಿ ಹೇಳುತ್ತೇನೆ ಎಂದೆ. "ಅದೆಲ್ಲ ಈಗ ಯಾಕೆ ಮಾರಾಯ? ನಾನು ಆಮೇಲೆ ಎಂಟು ಸಲ ಹತ್ತಿ ಬಂದಿದ್ದೇನೆ" ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಆ ಸೋಮವಾರ ಮಾತ್ರ ಬೇಜಾರಾಗಿತ್ತು. ನಮ್ಮ ಅಪ್ಪ ಕೇಳಿದ್ದರು, ನಿನಗೆ ಗುಡ್ಡ ಹತ್ತಲಿಕ್ಕೂ ಆಗುವುದಿಲ್ಲವಾ ಅಂತ" ಎಂದ.

ಸುಳ್ಳಿಗೆ ಚಪ್ಪಾಳೆ ಸಿಕ್ಕಿದ್ದು ಇದೇ ಅಂಗಳದಲ್ಲಿ. ಅದಕ್ಕೇ ಇಲ್ಲಿ ಹೇಳಿದೆ. ಅಂದು ಸುಸ್ತಾದವನು ನಾನು. ಶಿಖರ ಬಿಟ್ಟವನು ಅವನು.

ಮಕ್ಕಳೇ, ನೀವೂ ಹೋಗಿ. ಈಗ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು, ಮಳೆಗಾಲದಲ್ಲಿ ಬಿಡುವುದಿಲ್ಲ. ಕಲ್ಲುಮಂಟಪದಲ್ಲಿ ನೀರು ತುಂಬಿಸಿಕೊಳ್ಳಿ. ಸುಸ್ತಾದರೆ, ಸುಸ್ತಾಯಿತು ಎಂದು ಹೇಳಿ.

ಗೆಳೆಯ ಈಗ ಹಿಂದಿನ ಚಪ್ಪರದಲ್ಲಿ ನಿಮ್ಮೆಲ್ಲರ ಊಟದ ಉಸ್ತುವಾರಿಯಲ್ಲಿದ್ದಾನೆ. ಊಟಕ್ಕೆ ಹೋದಾಗ ಅವನನ್ನು ಮಾತಾಡಿಸಿ.