ಗೆಲುವು, ಸೋಲು ಮತ್ತು ತಂಡದ ಆತ್ಮವಿಶ್ವಾಸ

(ಕೂಟದ ಯುಗಾದಿ ಸಮಾರಂಭದಲ್ಲಿ ಮಾಡಿದ ಅತಿಥಿ ಉಪನ್ಯಾಸದ ಬರಹರೂಪ)



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಯುಗಾದಿಯ ಹೊತ್ತಿಗೆ ಎರಡು ಹಬ್ಬಗಳು ಒಟ್ಟಿಗೇ ಬರುತ್ತವೆ. ಅಡುಗೆಮನೆಯಲ್ಲಿ ಹಿರಿಯರು ಬೇವು-ಬೆಲ್ಲ ಸಿದ್ಧಪಡಿಸುತ್ತಿದ್ದರೆ, ನಡುಮನೆಯಲ್ಲಿ ಮಕ್ಕಳು ಟಿ.ವಿ.ಯ ಮುಂದೆ ಕುಳಿತು ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಮುಳುಗಿರುತ್ತಾರೆ. ಆ ಪಂದ್ಯಾವಳಿಯ ನಿಯಮ ನಿಷ್ಠುರವಾದುದು. 68 ತಂಡಗಳು ಸೇರುತ್ತವೆ. ಒಮ್ಮೆ ಸೋತವರು ಮನೆಗೆ ಮರಳುತ್ತಾರೆ. ಕೊನೆಗೆ ಗೆಲುವಿನೊಂದಿಗೆ ಆಟ ಮುಗಿಸುವುದು ಒಂದೇ ತಂಡ. ಉಳಿದ 67 ತಂಡಗಳ ಪಾಲಿಗೆ ಕೊನೆಯ ನೆನಪು ಸೋಲಿನದೇ. ಇಷ್ಟು ದೊಡ್ಡ ಪ್ರಮಾಣದಲ್ಲಿ ಸೋಲನ್ನು ಹಂಚುವ ಆಟದಲ್ಲಿ ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನ ಹುಡುಗ ಹುಡುಗಿಯರು ತಮ್ಮ ಆತ್ಮವಿಶ್ವಾಸವನ್ನು ಹೇಗೆ ಉಳಿಸಿಕೊಳ್ಳುತ್ತಾರೆ? ಗೆಲುವು ಅದನ್ನು ನಿಜವಾಗಿಯೂ ಬೆಳೆಸುತ್ತದೆಯೇ? ಸೋಲು ಅದನ್ನು ಮುರಿಯಲೇಬೇಕೇ? ಇಂದು ನಾವು ತಮ್ಮ ಮುಂದೆ ವಿಚಾರ ಮಾಡಬಯಸುವುದು ಇದನ್ನೇ.

ಮೊದಲು ಆತ್ಮವಿಶ್ವಾಸವೆಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು 1977ರಲ್ಲಿ ಈ ಕುರಿತು ಒಂದು ಪ್ರಸಿದ್ಧ ಸಿದ್ಧಾಂತವನ್ನು ಮಂಡಿಸಿದರು. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ ಎಂಬುದು ಅವರ ಮತ. ಮೊದಲನೆಯದು, ತಾನೇ ಮಾಡಿ ಸಾಧಿಸಿದ ಅನುಭವ. ಎರಡನೆಯದು, ತನ್ನಂಥವರೇ ಸಾಧಿಸಿದ್ದನ್ನು ಕಣ್ಣಾರೆ ಕಾಣುವುದು. ಮೂರನೆಯದು, ಬಲ್ಲವರ ಪ್ರೋತ್ಸಾಹದ ಮಾತು. ನಾಲ್ಕನೆಯದು, ಆ ಗಳಿಗೆಯ ದೇಹ ಮತ್ತು ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದುದೆಂದು ಬಂಡೂರ ಹೇಳಿದರು. ಬರಿಯ ಮಾತಿನಿಂದ ಹುಟ್ಟಿದ ವಿಶ್ವಾಸ ಪರೀಕ್ಷೆಯ ಮುಂದೆ ನಿಲ್ಲುವುದಿಲ್ಲ. ಇದನ್ನು ನಮ್ಮ ಹಿರಿಯರು ಒಂದೇ ಗಾದೆಯಲ್ಲಿ ಹಿಡಿದಿಟ್ಟಿದ್ದಾರೆ: ಉತ್ತರನ ಪೌರುಷ ಒಲೆಯ ಮುಂದೆ.

ಇದು ಅಂಗಳದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಿ. ಸತತವಾಗಿ ಸೋಲುತ್ತಿರುವ ತಂಡದಲ್ಲಿ ಕೈಗಳ ಕೌಶಲ ಒಂದೇ ವಾರದಲ್ಲಿ ಮಾಯವಾಗುವುದಿಲ್ಲ, ಬದಲಾಗುವುದು ನಿರ್ಧಾರ. ಎದುರಿಗೆ ಯಾರೂ ಇಲ್ಲದಿದ್ದರೂ ಆಟಗಾರ ಚೆಂಡನ್ನು ಎಸೆಯಲು ಅರೆಗಳಿಗೆ ಹಿಂಜರಿಯುತ್ತಾನೆ. ಆ ಅರೆಗಳಿಗೆಯಲ್ಲಿ ಎದುರಾಳಿ ಬಂದು ನಿಂತಿರುತ್ತಾನೆ. ಇನ್ನೊಬ್ಬ ತಾನೊಬ್ಬನೇ ತಂಡವನ್ನು ಉಳಿಸುವೆನೆಂದು ಯಾರಿಗೂ ಪಾಸ್ ಕೊಡದೆ ನುಗ್ಗುತ್ತಾನೆ. ರಕ್ಷಣೆಯಲ್ಲಿ ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುವ ದನಿಗಳು ನಿಂತುಹೋಗುತ್ತವೆ. ಐದು ಜನರ ತಂಡ ಐದು ಒಂಟಿ ಜೀವಗಳಾಗುತ್ತದೆ. ಗೆಲ್ಲುತ್ತಿರುವ ತಂಡದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ: ಚೆಂಡು ಕೈಯಿಂದ ಕೈಗೆ ಸರಾಗವಾಗಿ ಹರಿಯುತ್ತದೆ, ತಾನು ತಪ್ಪಿದರೆ ಜೊತೆಗಾರ ಸರಿಪಡಿಸುತ್ತಾನೆಂಬ ಭರವಸೆ ಇರುತ್ತದೆ. ಆದಕಾರಣ ತಂಡದ ಆತ್ಮವಿಶ್ವಾಸವೆಂದರೆ ಪ್ರತಿಯೊಬ್ಬನೂ ತನ್ನನ್ನು ನಂಬುವುದಷ್ಟೇ ಅಲ್ಲ; ಪ್ರತಿಯೊಬ್ಬನೂ ಉಳಿದ ನಾಲ್ವರನ್ನು ನಂಬುವುದು.

ಇಲ್ಲಿ ವಿಜ್ಞಾನಿಗಳ ಒಂದು ರೋಚಕ ವಾದವನ್ನು ನೆನೆಯಬೇಕು. ಸತತವಾಗಿ ಬುಟ್ಟಿಗೆ ಹಾಕಿದವನ ಕೈ ‘ಬಿಸಿಯಾಗಿದೆ’, ಅವನ ಮುಂದಿನ ಎಸೆತವೂ ಬೀಳುತ್ತದೆ ಎಂದು ಆಟಗಾರರು ನಂಬುತ್ತಾರೆ. 1985ರಲ್ಲಿ ಗಿಲೊವಿಚ್, ವಲೋನ್ ಮತ್ತು ಟ್ವರ್ಸ್ಕಿ ಎಂಬ ಮೂವರು ಸಂಶೋಧಕರು ಕಾರ್ನೆಲ್ ವಿಶ್ವವಿದ್ಯಾನಿಲಯದ ಆಟಗಾರ ಆಟಗಾರ್ತಿಯರಿಂದ ಚೆಂಡು ಎಸೆಯಿಸಿ ಲೆಕ್ಕವಿಟ್ಟರು. ಬಿಸಿ ಕೈ ಎಂಬುದು ಭ್ರಮೆ ಎಂಬ ನಿರ್ಣಯಕ್ಕೆ ಬಂದರು. ಮೂರು ದಶಕಗಳ ಕಾಲ ಪಾಠಗಳಲ್ಲಿ ಅದನ್ನೇ ಹೇಳಲಾಯಿತು. 2018ರಲ್ಲಿ ಮಿಲ್ಲರ್ ಮತ್ತು ಸಂಹೂರ್ಹೊ ಎಂಬಿಬ್ಬರು ಆ ಹಳೆಯ ಲೆಕ್ಕದಲ್ಲೇ ಒಂದು ಸೂಕ್ಷ್ಮ ದೋಷವಿತ್ತೆಂದೂ, ಅದನ್ನು ತಿದ್ದಿದರೆ ಬಿಸಿ ಕೈಗೆ ಪುರಾವೆ ಕಾಣುತ್ತದೆಂದೂ ತೋರಿಸಿದರು. ಇದರಿಂದ ನಾವು ಕಲಿಯಬೇಕಾದುದಿಷ್ಟು: ಗೆಲುವು ಗೆಲುವನ್ನು ತರುವುದೆಂಬ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಪ್ರೇಕ್ಷಕರಾದ ನಾವು ಊಹಿಸುವಷ್ಟು ದೊಡ್ಡ ಸತ್ಯವೇನೂ ಅದರಲ್ಲಿಲ್ಲ.

ಗೆಲುವಿನ ಇನ್ನೊಂದು ಮುಖವೂ ಉಂಟು. ಜಾನ್ ವುಡನ್ ಅವರ ತರಬೇತಿಯಲ್ಲಿ ಲಾಸ್ ಏಂಜಲೀಸಿನ ಯು.ಸಿ.ಎಲ್.ಎ. ತಂಡ 1971ರಿಂದ 1974ರವರೆಗೆ ಸತತವಾಗಿ 88 ಪಂದ್ಯಗಳನ್ನು ಗೆದ್ದಿತು. 1974ರ ಜನವರಿ 19ರಂದು ನಾಟರ್ ಡೇಮ್ ತಂಡದ ಎದುರು ಅದು 70–59ರಿಂದ ಮುಂದಿತ್ತು. ಅಲ್ಲಿಂದ ಮುಂದೆ ಅದಕ್ಕೆ ಒಂದು ಅಂಕವೂ ದಕ್ಕಲಿಲ್ಲ. ಎದುರಾಳಿಗಳು ಸತತ 12 ಅಂಕ ಗಳಿಸಿ 71–70ರಿಂದ ಗೆದ್ದರು. ಒಂದೇ ವಾರದ ನಂತರ ಯು.ಸಿ.ಎಲ್.ಎ. ಅದೇ ತಂಡವನ್ನು 94–75ರಿಂದ ಸೋಲಿಸಿತು; ಗಾಯ ಮಾಗಿತೆಂದು ಎಲ್ಲರೂ ಭಾವಿಸಿದರು. ಆದರೆ ಫೆಬ್ರವರಿಯಲ್ಲಿ ಮತ್ತೆರಡು ಸೋಲುಗಳು ಬೆನ್ನುಬೆನ್ನಿಗೆ ಬಂದವು. ರಾಷ್ಟ್ರೀಯ ಸೆಮಿಫೈನಲ್ ಪಂದ್ಯದ ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಏಳು ಅಂಕ ಮುಂದಿದ್ದೂ ನಾರ್ತ್ ಕೆರೊಲಿನ ಸ್ಟೇಟ್ ತಂಡಕ್ಕೆ 80–77ರಿಂದ ಶರಣಾಯಿತು. ಸೋಲರಿಯದ ತಂಡಕ್ಕೆ ಒಮ್ಮೆ ಬಿರುಕು ಬಿಟ್ಟರೆ ಅದು ಎಷ್ಟು ಆಳಕ್ಕೆ ಹೋಗಬಲ್ಲದೆಂಬುದಕ್ಕೆ ಇದು ನಿದರ್ಶನ. ಮರುವರ್ಷ ಹೊಸ ಆಟಗಾರರನ್ನು ಕಟ್ಟಿಕೊಂಡು ವುಡನ್ ತಮ್ಮ ಹತ್ತನೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದು ನಿವೃತ್ತರಾದರು. ತನ್ನ ಶಕ್ತಿಯನ್ನೆಲ್ಲ ಪ್ರಾಮಾಣಿಕವಾಗಿ ಹಾಕಿದ್ದೇನೆಂಬ ಮನಶ್ಶಾಂತಿಯೇ ಯಶಸ್ಸು ಎಂಬುದು ಅವರು ಜೀವನವಿಡೀ ಬೋಧಿಸಿದ ತತ್ತ್ವ.

ಇದೇ ಬಗೆಯ ಇನ್ನೊಂದು ಕಥೆ 1990ರದು. ಆ ವರ್ಷದ ಅಂತಿಮ ಪಂದ್ಯದಲ್ಲಿ ಲಾಸ್ ವೇಗಾಸಿನ ನೆವಾಡ ವಿಶ್ವವಿದ್ಯಾನಿಲಯದ ತಂಡ ಡ್ಯೂಕ್ ತಂಡವನ್ನು 103–73ರಿಂದ, ಅಂದರೆ 30 ಅಂಕಗಳ ಅಂತರದಿಂದ, ನೆಲಕಚ್ಚಿಸಿತು. ಮರುವರ್ಷ ಅದೇ ಎರಡು ತಂಡಗಳು ಸೆಮಿಫೈನಲ್ಲಿನಲ್ಲಿ ಎದುರಾದವು. ನೆವಾಡದವರು ಅಲ್ಲಿಯವರೆಗೆ ಸತತ 45 ಪಂದ್ಯಗಳನ್ನು ಗೆದ್ದಿದ್ದರು. ಹೆಚ್ಚಿನವನ್ನು ಭಾರಿ ಅಂತರದಿಂದಲೇ. ಕೊನೆಯ ನಿಮಿಷದವರೆಗೆ ತೂಗಾಡುವ ಪಂದ್ಯದ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಡ್ಯೂಕ್ 79–77ರಿಂದ ಗೆದ್ದಿತು. ಮುಂದೆ ಪ್ರಶಸ್ತಿಯನ್ನೂ ಪಡೆಯಿತು.

ಮಹಿಳೆಯರ ಆಟದಲ್ಲಿಯೂ ಇಂಥದೊಂದು ಪ್ರಸಂಗವಿದೆ. 2016ರಲ್ಲಿ ಕನೆಟಿಕಟ್ ತಂಡದ ಎದುರು ಮಿಸಿಸಿಪಿ ಸ್ಟೇಟ್ ತಂಡ 98–38ರಿಂದ, ಬರೋಬ್ಬರಿ 60 ಅಂಕಗಳಿಂದ, ಸೋತಿತು. ಮರುವರ್ಷ ಅವೆರಡೂ ಮತ್ತೆ ಎದುರಾದಾಗ ಕನೆಟಿಕಟ್ ಸತತ 111 ಪಂದ್ಯಗಳನ್ನು ಗೆದ್ದಿತ್ತು. ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ, ಅಂಗಳದಲ್ಲಿದ್ದ ಎತ್ತರದ ಆಟಗಾರ್ತಿಯರ ನಡುವೆ ಐದಡಿ ಐದಂಗುಲದ ಮಾರ್ಗನ್ ವಿಲಿಯಂ ಎಸೆದ ಚೆಂಡು ಬುಟ್ಟಿ ಸೇರಿತು. 66–64ರಿಂದ ಆ ಸರಮಾಲೆ ಕಡಿಯಿತು. ಎರಡು ದಿನಗಳ ನಂತರ ಮಿಸಿಸಿಪಿ ಸ್ಟೇಟ್ ಅಂತಿಮ ಪಂದ್ಯದಲ್ಲಿ ಸೌತ್ ಕೆರೊಲಿನಕ್ಕೆ ಸೋತಿತು ಎಂಬುದನ್ನೂ ಮರೆಯಬಾರದು. ಆತ್ಮವಿಶ್ವಾಸ ಬಾಗಿಲನ್ನು ತೆರೆಯಬಲ್ಲದು; ಪ್ರಶಸ್ತಿಗೆ ಜಾಮೀನು ನಿಲ್ಲಲಾರದು.

ಆದರೆ ಈ ವಿಷಯದಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ಕಲಕಿದ್ದು ವರ್ಜೀನಿಯ ವಿಶ್ವವಿದ್ಯಾನಿಲಯದ ತಂಡದ ಕಥೆ. ಪಂದ್ಯಾವಳಿಯ ನಾಲ್ಕು ವಿಭಾಗಗಳಲ್ಲಿ ತಂಡಗಳಿಗೆ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ನೀಡುತ್ತಾರೆ. 1985ರಿಂದ ಪುರುಷರ ಪಂದ್ಯಾವಳಿಯಲ್ಲಿ ಒಂದನೆಯವರೂ ಹದಿನಾರನೆಯವರೂ 135 ಸಲ ಎದುರಾಗಿದ್ದರು; 135 ಸಲವೂ ಒಂದನೆಯವರೇ ಗೆದ್ದಿದ್ದರು. 2018ರ ಮಾರ್ಚ್ 16ರಂದು, ಯುಗಾದಿಗೆ ಎರಡು ದಿನ ಮುಂಚೆ, ಇಡೀ ದೇಶದಲ್ಲೇ ಅಗ್ರಸ್ಥಾನದಲ್ಲಿದ್ದ ವರ್ಜೀನಿಯ ತಂಡ ಬಾಲ್ಟಿಮೋರ್ ಕೌಂಟಿಯ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ತಂಡಕ್ಕೆ 74–54ರಿಂದ ಸೋತಿತು. ವಿರಾಮದ ವೇಳೆಗೆ 21–21 ಸಮವಾಗಿದ್ದ ಆಟ ಅದು. ಹಿಂದೆ ಬಿದ್ದೊಡನೆ ತಂಡ ತನ್ನ ಆಟವನ್ನೇ ಮರೆತಂತೆ ಕಂಡಿತು. ಮುಖ್ಯ ಆಟಗಾರರಲ್ಲೊಬ್ಬನಾದ ಕೈಲ್ ಗೈ ತನ್ನನ್ನು ಕಾಡುತ್ತಿದ್ದ ಆತಂಕದ ಕಾಯಿಲೆಯ ಬಗ್ಗೆ ಮುಂದೆ ಬಹಿರಂಗವಾಗಿ ಬರೆದ. ನಾವು ಪರದೆಯ ಮೇಲೆ ಒಂದು ವಿಸ್ಮಯವೆಂದು ನೋಡಿ ಮರೆಯುವ ಆಟ, ಆಡಿದ ಎಳೆಯರ ಎದೆಯಲ್ಲಿ ಎಂಥ ಭಾರವಾಗಿ ಉಳಿಯುತ್ತದೆಂಬುದನ್ನು ಆ ಬರಹ ಲೋಕಕ್ಕೆ ತಿಳಿಸಿತು.

ತರಬೇತುದಾರ ಟೋನಿ ಬೆನೆಟ್ ಆ ಸೋಲನ್ನು ಮುಚ್ಚಿಡಲಿಲ್ಲ. ಆ ರಾತ್ರಿಯೇ ಪತ್ರಕರ್ತರ ಮುಂದೆ ಕುಳಿತು ಎದುರಾಳಿಗಳನ್ನು ಮನಸಾರೆ ಮೆಚ್ಚಿದರು. ಮುಂದೆ ಕಷ್ಟವನ್ನು ಸರಿಯಾಗಿ ಬಳಸಿಕೊಂಡರೆ ಅದು ಬೇರಾವ ದಾರಿಯಿಂದಲೂ ತಲುಪಲಾಗದ ಎಡೆಗೆ ಕೊಂಡೊಯ್ಯುತ್ತದೆಂಬ ಅರ್ಥದ ಉಪನ್ಯಾಸವೊಂದನ್ನು ಆಟಗಾರರಿಗೆ ತೋರಿಸಿದರು. ವರ್ಷವಿಡೀ ತಂಡ ಆ ಮಾತನ್ನು ಹಿಡಿದುಕೊಂಡಿತು. ಗೈ ಆ ಸೋಲಿನ ಚಿತ್ರವನ್ನೇ ಸದಾ ಕಣ್ಣೆದುರಿಗೆ ಇರಿಸಿಕೊಂಡ. 2019ರ ಮೊದಲ ಪಂದ್ಯದಲ್ಲೂ ಎದುರಿಗೆ ಹದಿನಾರನೆಯ ಶ್ರೇಯಾಂಕದವರೇ. ಮೊದಲರ್ಧದಲ್ಲಿ ವರ್ಜೀನಿಯ 14 ಅಂಕ ಹಿಂದೆ ಬಿದ್ದಿತು. ಹಳೆಯ ದುಃಸ್ವಪ್ನ ಮರುಕಳಿಸಿತೆಂದು ಇಡೀ ದೇಶ ಉಸಿರು ಬಿಗಿಹಿಡಿಯಿತು. ಈ ಸಲ ತಂಡ ಗಾಬರಿಯಾಗಲಿಲ್ಲ, 71–56ರಿಂದ ಗೆದ್ದಿತು. ಏಪ್ರಿಲ್ 6ರಂದು, ಸರಿಯಾಗಿ ಯುಗಾದಿಯ ದಿನವೇ, ಸೆಮಿಫೈನಲ್ಲಿನಲ್ಲಿ ಆಬರ್ನ್ ತಂಡದೆದುರು ಎರಡು ಅಂಕ ಹಿಂದಿದ್ದಾಗ, ಒಂದು ಸೆಕೆಂಡೂ ಉಳಿದಿರದ ವೇಳೆಯಲ್ಲಿ ಗೈಗೆ ಮೂರು ಫ್ರೀ ಥ್ರೋಗಳು ಸಿಕ್ಕವು. ಮೂರನ್ನೂ ಹಾಕಿದ, 63–62. ಎರಡು ದಿನಗಳ ನಂತರ ಟೆಕ್ಸಾಸ್ ಟೆಕ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಸೋಲಿಸಿ ವರ್ಜೀನಿಯ ತನ್ನ ಮೊಟ್ಟಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. ಬೇವಿಗೂ ಬೆಲ್ಲಕ್ಕೂ ನಡುವೆ ಕಳೆದದ್ದು ಒಂದು ವರ್ಷ.

ಇಲ್ಲಿಗೇ ನಿಲ್ಲಿಸಿದರೆ ಕೇಳಲು ಬಲು ಹಿತ. ಆದರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಸೋತು ಮತ್ತೆ ಏಳದ ನೂರಾರು ತಂಡಗಳ ಹೆಸರನ್ನು ಯಾರೂ ನೆನಪಿಡುವುದಿಲ್ಲ. ವರ್ಜೀನಿಯವೇ 2019ರ ಪ್ರಶಸ್ತಿಯ ನಂತರ, ಬೆನೆಟ್ 2024ರ ಅಕ್ಟೋಬರಿನಲ್ಲಿ ನಿವೃತ್ತರಾಗುವವರೆಗೆ, ಆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಮತ್ತೊಂದು ಪಂದ್ಯವನ್ನೂ ಗೆಲ್ಲಲಿಲ್ಲ. ಕಾಲೇಜು ತಂಡದಲ್ಲಿ ಆಟಗಾರರು ಪದವಿ ಪಡೆದು ಹೊರಡುತ್ತಾರೆ, ಹೊಸಬರು ಬರುತ್ತಾರೆ. ಆತ್ಮವಿಶ್ವಾಸ ಪಿತ್ರಾರ್ಜಿತ ಆಸ್ತಿಯಲ್ಲ. ಪ್ರತಿಯೊಂದು ತಂಡವೂ ಅದನ್ನು ತಾನೇ ದುಡಿದು ಗಳಿಸಬೇಕು. ಆದ್ದರಿಂದ ಸೋಲು ತಾನಾಗಿಯೇ ಗುರುವಾಗುವುದಿಲ್ಲ, ಗೆಲುವು ತಾನಾಗಿಯೇ ಬಲವಾಗುವುದಿಲ್ಲ. ಅದರಿಂದ ತಂಡ ಏನನ್ನು ಲೆಕ್ಕಕ್ಕೆ ಬರೆದುಕೊಳ್ಳುತ್ತದೆಂಬುದೇ ಮುಖ್ಯ. ಪರಾಮರ್ಶೆಯಿಲ್ಲದ ಗೆಲುವು ಪೊಳ್ಳು; ಪರಾಮರ್ಶೆಯುಳ್ಳ ಸೋಲು ಗಟ್ಟಿ.

ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಸಂಸ್ಥೆಯನ್ನು ವಿಜ್ಞಾನದ ಹಿರಿಮೆಗಾಗಿ ತಾವೆಲ್ಲರೂ ಬಲ್ಲಿರಿ. ಕ್ರೀಡೆಗೆಂದು ವಿದ್ಯಾರ್ಥಿವೇತನ ನೀಡದ ಆ ಸಂಸ್ಥೆಯ ಪುರುಷರ ತಂಡ 1985ರಿಂದ ತನ್ನ ವಲಯದ ಪಂದ್ಯಗಳಲ್ಲಿ ಸತತವಾಗಿ 310 ಸಲ ಸೋತಿತು. 2011ರ ಫೆಬ್ರವರಿ 22ರಂದು ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ, ಒಂದೇ ಅಂಕದಿಂದ, ಗೆದ್ದಿತು. ನಡುವಿನ ಇಪ್ಪತ್ತಾರು ವರ್ಷಗಳಲ್ಲಿ ಎಷ್ಟೋ ಹುಡುಗರು ಸೇರಿ, ಆಡಿ, ವಲಯದಲ್ಲಿ ಒಂದೂ ಗೆಲುವು ಕಾಣದೆ ಪದವೀಧರರಾಗಿ ಹೋದರು. ಅಂಕಫಲಕವೊಂದೇ ಅವರ ಅಳತೆಗೋಲಾಗಿದ್ದರೆ ಆಟವೇ ನಿಂತುಹೋಗುತ್ತಿತ್ತು. ನಿನ್ನೆಗಿಂತ ಇಂದು ಎಷ್ಟು ಚೆನ್ನಾಗಿ ಕಾವಲು ಕಾದೆವು, ಎಷ್ಟು ಪಾಸುಗಳು ಗುರಿ ಮುಟ್ಟಿದವು ಎಂಬ ಚಿಕ್ಕ ಅಳತೆಗಳೇ ಸೋಲುವ ತಂಡವನ್ನು ಜೀವಂತವಾಗಿಡುವುದು.

ಗಾದೆಯಲ್ಲಿ ಹಾಸ್ಯಕ್ಕೀಡಾದ ಉತ್ತರನ ಕಥೆಯ ಮುಂದಿನ ಭಾಗವನ್ನು ನಾವು ಮರೆಯುತ್ತೇವೆ. ಕೌರವಸೇನೆಯನ್ನು ಕಂಡು ಓಡಿದ ಉತ್ತರನನ್ನು ಬೃಹನ್ನಳೆ ಹಿಡಿದು ತಂದಳು. ಧೈರ್ಯ ಹೇಳಿದ್ದಷ್ಟೇ ಅಲ್ಲ, ಅವನ ಕೈಗೆ ಕುದುರೆಗಳ ಕಡಿವಾಣ ಕೊಟ್ಟಳು. ಯುದ್ಧ ಮಾಡಲಾಗದವನು ರಥ ನಡೆಸಬಲ್ಲವನಾಗಿದ್ದ. ಅವನ ಶಕ್ತಿಗೆ ತಕ್ಕ ಒಂದು ಕೆಲಸ, ಆ ಕೆಲಸದ ಯಶಸ್ಸು, ಅದರಿಂದ ನಿಜವಾದ ಧೈರ್ಯ. ಒಳ್ಳೆಯ ತರಬೇತುದಾರ ಮಾಡುವುದೂ ಇದನ್ನೇ. ಬಂಡೂರ ಅವರ ಸಿದ್ಧಾಂತದ ತಿರುಳೂ ಇದೇ.

ಬಂಧುಗಳೇ, ನಮ್ಮ ಮಕ್ಕಳಲ್ಲಿ ಕಾಲೇಜು ತಂಡ ಸೇರುವವರು ಕೆಲವರೇ ಇರಬಹುದು. ಆದರೆ ಶಾಲೆಯ ತಂಡದ ಆಯ್ಕೆ, ಪರೀಕ್ಷೆ, ಕಾಲೇಜು ಪ್ರವೇಶ ಇವೆಲ್ಲವೂ ಸೋಲನ್ನು ಧಾರಾಳವಾಗಿ ಹಂಚುವ ಪಂದ್ಯಾವಳಿಗಳೇ. ಆಟ ಮುಗಿಸಿ ಕಾರು ಹತ್ತಿದ ಮಗುವಿಗೆ ನಮ್ಮಲ್ಲಿ ಅನೇಕರು ಕೇಳುವ ಮೊದಲ ಪ್ರಶ್ನೆ ‘ಗೆದ್ದಿರಾ? ನೀನೆಷ್ಟು ಅಂಕ ಹೊಡೆದೆ?’ ಎಂಬುದು. ಅದರ ಬದಲು ‘ಇವತ್ತು ಯಾವುದು ಚೆನ್ನಾಗಿ ಬಂತು? ಯಾವುದು ಕಷ್ಟವಾಯಿತು?’ ಎಂದು ಕೇಳಿ ನೋಡಿ. ಗೆದ್ದ ದಿನವೂ ಅದೇ ಪ್ರಶ್ನೆ, ಸೋತ ದಿನವೂ ಅದೇ ಪ್ರಶ್ನೆ, ಅದೇ ದನಿಯಲ್ಲಿ. ಪ್ರಶ್ನೆ ಬದಲಾಗದಿದ್ದರೆ, ತನ್ನ ಬೆಲೆ ಅಂಕಫಲಕದೊಡನೆ ಏರಿಳಿಯುವುದಿಲ್ಲವೆಂದು ಮಗುವಿಗೆ ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮತ್ತೊಂದು ಮಾತು: ಮಗು ಊಟ ನಿದ್ದೆ ಬಿಟ್ಟು ಆತಂಕಪಡುತ್ತಿದ್ದರೆ ಅದನ್ನು ಹೇಡಿತನವೆಂದು ಜರೆಯದೆ, ನಾಲ್ಕು ಜನ ಏನೆಂದಾರೆಂದು ಅಂಜದೆ, ಬಲ್ಲ ವೈದ್ಯರ ಅಥವಾ ಸಲಹೆಗಾರರ ಬಳಿಗೆ ಕರೆದೊಯ್ಯಿರಿ. ರಾಷ್ಟ್ರೀಯ ಪ್ರಶಸ್ತಿ ಗೆದ್ದ ಆಟಗಾರನಿಗೂ ಆ ನೆರವು ಬೇಕಾಗಿತ್ತು.