ನದಿಗೊಬ್ಬ ಪಾಲಕ



ದೇವಾಲಯದ ವಿಗ್ರಹವು ಆಸ್ತಿಯನ್ನು ಹೊಂದಬಲ್ಲದು, ವ್ಯಾಜ್ಯವನ್ನು ಹೂಡಬಲ್ಲದು. ಕಾನೂನಿನ ದೃಷ್ಟಿಯಲ್ಲಿ ಅದು ‘ವ್ಯಕ್ತಿ’ ಎಂಬುದನ್ನು ಪ್ರಿವಿ ಕೌನ್ಸಿಲ್ 1925ರಲ್ಲಿಯೇ ಎತ್ತಿಹಿಡಿದಿತ್ತು. ಇದೇ ತತ್ತ್ವವನ್ನು ಆಧರಿಸಿ 2017ರ ಮಾರ್ಚ್ 20ರಂದು ಉತ್ತರಾಖಂಡದ ಉಚ್ಚ ನ್ಯಾಯಾಲಯವು ಗಂಗಾ-ಯಮುನೆಯರನ್ನು ಕಾನೂನುಬದ್ಧ ವ್ಯಕ್ತಿಗಳೆಂದು ಸಾರಿ, ರಾಜ್ಯದ ಮುಖ್ಯ ಕಾರ್ಯದರ್ಶಿಯೇ ಮೊದಲಾದ ಅಧಿಕಾರಿಗಳನ್ನು ಪಾಲಕರನ್ನಾಗಿ ನೇಮಿಸಿತು. ನದಿಯು ಹಲವು ರಾಜ್ಯಗಳಲ್ಲಿ ಹರಿಯುತ್ತದೆ, ಪ್ರವಾಹದ ನಷ್ಟಕ್ಕೆ ಹೊಣೆ ಯಾರು ಎಂದು ರಾಜ್ಯ ಸರ್ಕಾರವು ಪ್ರಶ್ನಿಸಲು, ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಅದೇ ಮಾರ್ಚ್‌ನಲ್ಲಿ ನ್ಯೂಜಿಲೆಂಡ್ ಸಂಸತ್ತು ವಾಂಗನುಯಿ ನದಿಗೆ ಶಾಸನದ ಮೂಲಕವೇ ಈ ಸ್ಥಾನವನ್ನಿತ್ತಿತು. ಸರ್ಕಾರದ ಕಡೆಯಿಂದ ಒಬ್ಬರು, ಮಾವೋರಿ ಜನರ ಕಡೆಯಿಂದ ಒಬ್ಬರು ನದಿಯ ಪರವಾಗಿ ಮಾತನಾಡುವ ವ್ಯವಸ್ಥೆ ಅಲ್ಲಿದೆ.

ಮಧ್ವಸಿದ್ಧಾಂತದಲ್ಲಿ ನದಿಯ ಅಭಿಮಾನಿ ದೇವತೆ ಬೇರೆ, ಜಡವಾದ ನೀರು ಬೇರೆ. ದೇವತೆಗೆ ಕೊಳೆ ಅಂಟದು, ನೀರಿಗೆ ಅಂಟುತ್ತದೆ. ಆದ್ದರಿಂದ ಗಂಗೆಗೆ ಮೈಲಿಗೆಯಿಲ್ಲವೆಂಬ ನಂಬಿಕೆಯು ಚರಂಡಿಯನ್ನು ನದಿಗೆ ಹರಿಸಲು ಅಪ್ಪಣೆಯಲ್ಲ.

ವಿಗ್ರಹದ ಹಕ್ಕು ಉಳಿದಿರುವುದು ನಿತ್ಯವೂ ಅದನ್ನು ನೋಡಿಕೊಳ್ಳುವವನಿಂದ. ನದಿಗೂ ಅಂತಹವರು ಬೇಕು. ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದೊಡನೆ ನೀರಿಗೆ ಎಸೆಯದ ಭಕ್ತನೇ ಅದರ ಮೊದಲ ಪಾಲಕ. ಅದಕ್ಕೆ ಯಾವ ನ್ಯಾಯಾಲಯದ ಆದೇಶವೂ ಬೇಕಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.